ಸುಟ್ಟ ಕಬ್ಬು ಕಾಯುವುದಿಲ್ಲ

ಕ್ಲೋರಿಂದಾ ಕೆಟ್ಟ ಹೆಂಗಸು. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಬರೆಯದಿರಲಿ. ಹಾರಿಗನ್ ಕ್ರೀಕಿನ ಇಟಲಿಯವರು ಈಗ ಅವಳನ್ನು ಕಾರ್ಮಿಕ ಸಂಘದ ತಾಯಿ ಎಂದು ಹೊಗಳಿ, ವರ್ಷಕ್ಕೊಮ್ಮೆ ಅವಳ ಗೋರಿಯ ಮೇಲೆ ಕೆಂಪು ಹೂವಿಟ್ಟು, ಭಾಷಣ ಮಾಡಿ ಹೋಗುತ್ತಾರೆ. ಅವಳಿಗೆ ಸಂಘವೂ ಬೇಕಿರಲಿಲ್ಲ, ಬಾವುಟವೂ ಬೇಕಿರಲಿಲ್ಲ. ಬೇಕಿದ್ದದ್ದು ಒಬ್ಬ ಮನುಷ್ಯನ ನಾಶ. ಅದಕ್ಕಾಗಿ ಎಂಟು ಜನ ಗಂಡಸರ ಕೂಲಿಯನ್ನೂ, ಎಲ್ಲೋ ದೂರದ ಒಬ್ಬ ಮುದುಕನ ಪ್ರಾಣವನ್ನೂ ಪಣಕ್ಕಿಡಲು ಅವಳು ಹಿಂಜರಿಯಲಿಲ್ಲ. ಹೊಗಳುವವರು ಅವಳ ಕೈಯಡುಗೆ ಉಂಡವರಲ್ಲ. ನಾನು ಉಂಡಿದ್ದೇನೆ.

ನನ್ನ ತಂದೆ ವಿತ್ತೋರೆ ಕಬ್ಬು ಕಡಿಯುವ ಗ್ಯಾಂಗೊಂದರ ಮೇಸ್ತ್ರಿ. ನಮ್ಮ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಕಟಾವು ಮುಗಿಯುವವರೆಗೆ ಗ್ಯಾಂಗು ಹೊಲದ ಬ್ಯಾರಕ್ಕಿನಲ್ಲೇ ಇರುತ್ತಿತ್ತು. ಅಡುಗೆಯವರನ್ನು ಇಟ್ಟುಕೊಳ್ಳುವುದು ಹೊಲದ ಒಡೆಯನಲ್ಲ, ಗ್ಯಾಂಗು. ಹಾಗಾಗಿ ಅಡುಗೆಯವಳು ಒಡೆಯನಿಗೆ ಹೆದರಬೇಕಿರಲಿಲ್ಲ. ಕ್ಲೋರಿಂದಾ ಗ್ಯಾಂಗಿಗೂ ಹೆದರುತ್ತಿರಲಿಲ್ಲ. ಕತ್ತಲಿರುವಾಗಲೇ ಒಲೆ ಹಚ್ಚಿ, ಹಳದಿ ಜೋಳದ ಹಿಟ್ಟಿನ ಮುದ್ದೆ ತೊಳಸಿ, ಉಪ್ಪುಮೀನಿನ ಸಾರಿಟ್ಟು, ತಿನ್ನುವವರ ಮುಖ ನೋಡದೆ ತಟ್ಟೆಗೆ ಬಡಿಯುತ್ತಿದ್ದಳು. ದೂರು ಹೇಳಿದವನು ಕೆಟ್ಟ.

"ಉಪ್ಪು ಕಮ್ಮಿ ಅಕ್ಕಾ" ಎಂದು ಮಾಲ್ಟಾ ದ್ವೀಪದ ಕಾರ್ಮೆನು ಒಮ್ಮೆ ಬಾಯಿ ಬಿಟ್ಟ.

"ನಿಮ್ಮೂರ ಸುತ್ತಾ ಸಮುದ್ರ ಐತಲ್ಲ, ಹೋಗಿ ನೆಕ್ಕೊಂಡ್ ಬಾ."

ಇಲಿ ಜ್ವರ ಬಂದು ಹಳದಿಯಾಗಿ ಬಿದ್ದ ಕೂಲಿಗಳ ಹಾಸಿಗೆ ಒಗೆದು, ಮೈ ಒರೆಸಿದವಳೂ ಅವಳೇ. ಅದನ್ನು ಕರುಣೆ ಎಂದು ಭಾಷಣದವರು ಹೇಳುತ್ತಾರೆ. ಅವಳಿಗೆ ಗಲೀಜು ಸೇರುತ್ತಿರಲಿಲ್ಲ, ಅಷ್ಟೆ.

ಅವಳ ಸೇಡು ಹುಟ್ಟಿದ್ದು ಇಟಲಿಯ ಪೋ ನದಿಯ ಬಯಲಿನಲ್ಲಿ. ಗಂಡ ಗಾಸ್ಪರೆ ಅಲ್ಲಿಯ ಕೂಲಿಕಾರರ ಒಕ್ಕೂಟದವನು. ಒಂದು ಕಾಲದಲ್ಲಿ ಒಕ್ಕೂಟ ಬೇಡವೆಂದರೆ ಯಾವ ಜಮೀನ್ದಾರನ ಗದ್ದೆಗೂ ಒಬ್ಬ ಆಳು ಇಳಿಯುತ್ತಿರಲಿಲ್ಲ. ಸಾವಿರದ ಒಂಬೈನೂರ ಇಪ್ಪತ್ತೊಂದನೆಯ ಇಸವಿಯ ವಸಂತದಲ್ಲಿ ಜಮೀನ್ದಾರರು ದುಡ್ಡು ಕೊಟ್ಟು ಸಾಕಿದ ಕಪ್ಪಂಗಿಯವರು, ಅಂದರೆ ಫ್ಯಾಸಿಸ್ಟರು, ಲಾರಿಗಳಲ್ಲಿ ಬಂದು ಊರೂರಿನ ಒಕ್ಕೂಟದ ಮನೆಗಳಿಗೆ ಬೆಂಕಿಯಿಟ್ಟರು. ಗಾಸ್ಪರೆಯನ್ನು ಉಣ್ಣುತ್ತಿದ್ದ ಕಡೆಯಿಂದ ಎಬ್ಬಿಸಿ ಲಾರಿಗೆ ಎಸೆದರು. ಲಾರಿ ನದಿಯ ಕಡೆ ಹೋಯಿತು. ಬರುವಾಗ ಅವನಿರಲಿಲ್ಲ.

ಕ್ಲೋರಿಂದಾ ದಂಡೆ ಹಿಡಿದು ನದಿ ಸಮುದ್ರ ಸೇರುವ ತನಕ ನಡೆದು ಹುಡುಕಿದಳು. ಹೆಣ ಸಿಗಲಿಲ್ಲ. ಹೆಣವಿಲ್ಲದೆ ಪ್ರಾರ್ಥನೆ ಮಾಡಲಾರೆ ಎಂದ ಪಾದ್ರಿ. ಹೆಣವಿಲ್ಲದೆ ಸತ್ತನೆಂದು ಬರೆಯಲಾರೆ ಎಂದ ಗುಮಾಸ್ತ. ಅವಳು ಇತ್ತ ಹೆಂಡತಿಯೂ ಅಲ್ಲ, ಅತ್ತ ವಿಧವೆಯೂ ಅಲ್ಲ. ತನ್ನ ಅಣ್ಣನೊಬ್ಬನ ಬೆನ್ನು ಹಿಡಿದು ಹಡಗು ಹತ್ತಿ ಇಲ್ಲಿಗೆ ಬಂದ ಮೇಲೆ ಇಬ್ಬರು ಮದುವೆಗೆ ಕೇಳಿದರು, ಇಬ್ಬರಿಗೂ ಒಂದೇ ಉತ್ತರ: "ಅವನ ಒಂದು ಮೂಳೆ ತಂದ್ಕೊಡು, ಆಮೇಲೆ ಮಾತಾಡಣ." ಮಿಕ್ಕವರು ಕನಸಿನಲ್ಲಿ ಊರಿನ ಮನೆ ಕಾಣುತ್ತಿದ್ದರು. ಅವಳು ನದಿಯ ಕೆಸರು ಕಾಣುತ್ತಿದ್ದಳು.

ಆ ಲಾರಿ ಓಡಿಸಿದವನು ಜಮೀನ್ದಾರನ ಪಾರುಪತ್ತೇಗಾರನ ಮಗ, ಒತ್ತೋರಿನೊ ಬ್ರೆಸ್ಸಾನ್. ಲಾಂದ್ರದ ಬೆಳಕಿನಲ್ಲಿ ಅವನ ಮುಖವನ್ನು ಅವಳು ನೋಡಿದ್ದಳು. ಕೆಲವು ವರ್ಷಗಳಾದ ಮೇಲೆ ಅವನೂ ನಮ್ಮ ಕಡೆಗೇ ಬಂದು, ಹಾರಿಗನ್ ಕ್ರೀಕಿನಲ್ಲಿ ಕಬ್ಬಿನ ಹೊಲ ಕೊಂಡ. ಬಂದವನು ಸುಮ್ಮನಿರಲಿಲ್ಲ. ಪೇಟೆಯಲ್ಲಿ ಕಪ್ಪಂಗಿಯವರ ಶಾಖೆ ತೆರೆದು, ರೋಮಿನ ನಾಯಕನ ಪಟ ತೂಗುಹಾಕಿ, ವರ್ಷಕ್ಕೊಮ್ಮೆ ಇಟಲಿ ಸರ್ಕಾರದ ಪ್ರತಿನಿಧಿ ಕಾನ್ಸುಲರನ್ನು ಕರೆಸಿ ಔತಣ ಕೊಡಿಸುತ್ತಿದ್ದ. ಅಂಗಿಗೆ ಶಾಖೆಯ ಬಿಲ್ಲೆ ಚುಚ್ಚಿಕೊಂಡವನು ಒಳ್ಳೆಯ ಇಟಲಿಯವನು. ಚುಚ್ಚಿಕೊಳ್ಳದವನ ಹೆಸರು ಕಾನ್ಸುಲರ ಕಿವಿಗೆ ಹೋಗುತ್ತಿತ್ತು. ಅಲ್ಲಿಂದ ಅದು ಅವನ ಹುಟ್ಟೂರಿನ ಪೊಲೀಸರಿಗೆ.

ಮೂವತ್ತೈದರ ಕಟಾವಿಗೆ ಬ್ರೆಸ್ಸಾನನ ಹೊಲ ಹಿಡಿಯಬೇಕೆಂದು ಹಟ ಮಾಡಿದವಳು ಕ್ಲೋರಿಂದಾ. ತಂದೆಗೆ ಒಂದಿಷ್ಟೂ ಮನಸ್ಸಿರಲಿಲ್ಲ.

"ಆ ನಾಯಿ ಹೊಲದಲ್ಲಿ ನಾವ್ಯಾಕಮ್ಮ ಬೆನ್ನು ಮುರ್ಕೋಬೇಕು? ಬೇರೆ ಹೊಲಗಳು ಇಲ್ವಾ?"

"ನಾಯಿ ಕುತ್ತಿಗೆ ಹಿಡೀಬೇಕು ಅಂದ್ರೆ ಹತ್ರ ಹೋಗ್ಬೇಕು ವಿತ್ತೋರಣ್ಣ."

"ನೀನು ಅವನ ಊಟಕ್ಕೆ ಏನಾದ್ರೂ ಹಾಕ್ಬಿಟ್ಟು, ನಾವೆಲ್ಲ ನೇಣಿಗೆ ಹೋಗಬೇಕಾ?"

"ವಿಷನಾ? ವಿಷ ಹಾಕಿದ್ರೆ ಒಂದೇ ದಿನಕ್ಕೆ ಸಾಯ್ತಾನೆ. ಅಷ್ಟು ಸಸ್ತಾಕ್ಕೆ ಬಿಡ್ತೀನಾ ಅವನನ್ನ?"

ಗ್ಯಾಂಗು ಬಂದಿಳಿದ ವಾರವೇ ಬ್ರೆಸ್ಸಾನ್ ಅಡುಗೆಮನೆ ಬಾಗಿಲಿಗೆ ಬಂದ. ದಪ್ಪಗಾಗಿದ್ದ. ಅವಳ ಎರಡು ಮಾತು ಕೇಳಿದ್ದೇ ತಡ, ಹುಬ್ಬೇರಿಸಿದ.

"ನಮ್ಮ ನದಿ ಕಡೆಯೋಳು ನೀನು. ಮಾತಲ್ಲೇ ಗೊತ್ತಾಗುತ್ತೆ. ಯಾರ ಪೈಕಿ?"

"ಗಾಸ್ಪರೆ ಹೆಂಡ್ತಿ."

ಅವನು ಒಲೆಯ ಕಡೆ ಮುಖ ತಿರುಗಿಸಿದ. "ಅದೆಲ್ಲ ಆಗಿನ ಕಾಲದ್ದು. ಆ ನೆಲದ ಜಗಳ ಆ ನೆಲದಲ್ಲೇ ಇರ್ಲಿ. ಇಲ್ಲಿ ನಾವೆಲ್ಲಾ ಇಟಲಿಯೋರು, ಅಷ್ಟೆ."

"ಎಲ್ಲಿ ಹಾಕಿದ್ರಿ ಅವನನ್ನ?"

"ನಂಗೇನು ಗೊತ್ತು? ಗಾಡಿ ಓಡ್ಸೋನು ಹಿಂದಕ್ಕೆ ತಿರುಗಿ ನೋಡಲ್ಲ."

"ಹೋಗ್ಲಿ ಬಿಡಿ ಯಜಮಾನ್ರೆ. ಕಾಫಿ ಮಾಡಿದೀನಿ, ಕುಡಿದು ಹೋಗಿ."

ಅವನು ಕಾಫಿಯನ್ನೂ ಅವಳ ಮುಖವನ್ನೂ ನೋಡಿ, ಹೊಟ್ಟೆ ಸರಿಯಿಲ್ಲವೆಂದು ಹೊರಟುಹೋದ. ಗ್ಯಾಂಗಿನವರು ವಾರವಿಡೀ ಅದನ್ನು ಹೇಳಿಕೊಂಡು ನಕ್ಕರು. "ಅಕ್ಕಾ, ಹೊಟ್ಟೆ ಸರಿ ಇಲ್ಲ, ಕಾಫಿ ಬೇಡ" ಎಂದು ಒಬ್ಬೊಬ್ಬರೂ ಅಭಿನಯಿಸುವುದು. ಅವಳು ನಗಲಿಲ್ಲ.

ಆ ವರ್ಷದ ಔತಣದಲ್ಲಿ ನಮ್ಮ ಗ್ಯಾಂಗಿನ ಎಲಿಜಿಯೊ ಬಿಲ್ಲೆ ಬೇಡವೆಂದ. ಮಾತು ಕಡಿಮೆಯ, ಗಟ್ಟಿ ಆಳು. ಬ್ರೆಸ್ಸಾನ್ ತಾನೇ ಅವನ ಅಂಗಿಗೆ ಚುಚ್ಚಲು ಬಂದಾಗ, ಅದನ್ನು ಕಿತ್ತು ಸಾರಿನ ಬಟ್ಟಲಿಗೆ ಹಾಕಿ ಎದ್ದು ಬಂದಿದ್ದ. ಕಟಾವಿನ ನಡುವೆ ಇಟಲಿಯ ಊರಿನಿಂದ ಸುದ್ದಿ ಬಂತು. ಎಲಿಜಿಯೊನ ಮುದಿ ತಂದೆಯನ್ನು ಪೊಲೀಸರು ಒಯ್ದಿದ್ದರು. ಮಗ ಹೊರದೇಶದಲ್ಲಿ ದೇಶದ್ರೋಹ ಮಾಡುತ್ತಿದ್ದಾನಂತೆ, ಅವನು ಬಾಗುವ ತನಕ ಅಪ್ಪ ಒಳಗಿರಲಿ ಎಂಬುದು ಲೆಕ್ಕ. ಹೆಸರು ಕೊಟ್ಟವನು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

ಅಂದೇ ಮಚ್ಚು ಕೆಳಗಿಡಬೇಕೆಂದು ಎಲ್ಲರೂ ಎದ್ದರು. ತಡೆದವಳು ಕ್ಲೋರಿಂದಾ.

"ಈಗ ನಿಲ್ಸಿದ್ರೆ ಅವನಿಗೇನು ನಷ್ಟ? ಹಸಿ ಕಬ್ಬು ನಿಂತಿರುತ್ತೆ. ಇನ್ನೊಂದು ಗ್ಯಾಂಗು ತರಿಸ್ತಾನೆ. ಕಾಯ್ರೋ. ಅವನು ಕಬ್ಬಿಗೆ ಬೆಂಕಿ ಇಡ್ಲಿ."

ಕಡಿಯುವ ಮೊದಲು ಕಬ್ಬಿಗೆ ಬೆಂಕಿಯಿಡಬೇಕೆಂಬ ಕಟ್ಟಳೆಯನ್ನು ನಾವೇ ಹೋರಾಡಿ ಪಡೆದಿದ್ದೆವು. ಹೊಲದಲ್ಲಿ ಇಲಿ, ಇಲಿಯಿಂದ ಜ್ವರ, ಜ್ವರದಿಂದ ಸಾವು. ಬೆಂಕಿ ಸೋಗೆಯನ್ನೂ ಇಲಿಗಳನ್ನೂ ಸುಟ್ಟು, ಜಲ್ಲೆಯನ್ನು ಮಾತ್ರ ಉಳಿಸುತ್ತದೆ. ಆದರೆ ಹಸಿ ಕಬ್ಬಿನಂತೆ ಸುಟ್ಟ ಕಬ್ಬು ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ಕಡಿದು ಗಾಣಕ್ಕೆ ಕೊಡದಿದ್ದರೆ ರಸ ಹುಳಿಯಾಗುತ್ತದೆ, ಮಿಲ್ಲು ಮುಟ್ಟುವುದಿಲ್ಲ. ಅದಕ್ಕೇ ಬುದ್ಧಿಯುಳ್ಳ ರೈತ ಕಡಿಯಲು ಆಗುವಷ್ಟೇ ಸುಡುತ್ತಾನೆ.

ಬ್ರೆಸ್ಸಾನನಿಗೆ ಬುದ್ಧಿ ಇತ್ತು, ಜಂಬ ಅದಕ್ಕಿಂತ ಹೆಚ್ಚಿತ್ತು. ಅಂಗಳದಲ್ಲಿ ಅವನು ಆಕಾಶ ನೋಡುತ್ತ ನಿಂತಿದ್ದಾಗ ಕ್ಲೋರಿಂದಾ ಬಟ್ಟೆ ಹಿಂಡುತ್ತ ಹೇಳಿದ್ದನ್ನು ತಂದೆ ಕಿವಿಯಾರೆ ಕೇಳಿದರು.

"ಹೊಳೆ ಕಡೆ ಪಟ್ಟಿ ಒಂದೇ ಸುಡಿ ಯಜಮಾನ್ರೆ. ನಮ್ಮೋರು ಸೋಮಾರಿಗಳು. ಎಲ್ಲಾ ಸುಟ್ರೆ ಕಡಿಯೋಕಾಗಲ್ಲ ಅಂತಾರೆ. ಆ ಸ್ಪೇನಿನೋನ ಹೊಲದಲ್ಲಿ ಹೋದ ವಾರ ಪೂರ್ತಿ ಸುಟ್ರು, ಅಲ್ಲಿ ಗಂಡಸರಿದ್ರು, ಕಡಿದು ಬಿಸಾಕಿದ್ರು. ಇವರ ಕೈಲಿ ಎಲ್ಲಿ?"

"ಕಡೀತಾರೋ ಇಲ್ವೋ ನಾನು ನೋಡ್ತೀನಿ" ಎಂದ ಬ್ರೆಸ್ಸಾನ್.

ಆ ಸಂಜೆ ಹೊಲದ ಮೂರು ಪಟ್ಟಿಗೂ ಬೆಂಕಿ ಬಿತ್ತು. ಬ್ಯಾರಕ್ಕಿನ ಮೆಟ್ಟಿಲ ಮೇಲೆ ಗ್ಯಾಂಗು ಸಾಲಾಗಿ ಕೂತು ನೋಡಿತು. ತಂದೆ ಕ್ಲೋರಿಂದಾಳ ಬಳಿ ಬಂದು ಮೆಲ್ಲಗೆ ಕೇಳಿದರು.

"ಎಲಿಜಿಯೊ ಅಪ್ಪನ ಹೆಸರು ಹೇಳ್ಕೊಂಡು ನೀನು ನಿನ್ನ ಸೇಡು ತೀರಿಸ್ಕೋತಿದೀಯಾ, ಅಲ್ವಾ?"

"ಹೌದು. ಅದಕ್ಕೇನೀಗ?"

ಮರುದಿನ ಬೆಳಿಗ್ಗೆ ಯಾರೂ ಹೊಲಕ್ಕೆ ಇಳಿಯಲಿಲ್ಲ. ಸಂಘ ಆ ಹೊಲಕ್ಕೆ ಬಹಿಷ್ಕಾರ ಹಾಕಿತು. ಅಂದರೆ ಆ ಕಬ್ಬನ್ನು ಕಡಿಯುವವರಿಲ್ಲ, ಎಳೆಯುವವರಿಲ್ಲ, ಅರೆಯುವವರಿಲ್ಲ. ಗ್ಯಾಂಗು ಕೇಳಿದ್ದು ಒಂದೇ. ಬ್ರೆಸ್ಸಾನ್ ಕಾನ್ಸುಲರ ಬಳಿ ಹೋಗಿ, ಎಲಿಜಿಯೊನ ಮೇಲೆ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡು, ಮುದುಕನನ್ನು ಬಿಡಿಸಬೇಕು.

"ನಾನು ಸುಳ್ಳ ಅಂತ ನಾನೇ ಹೇಳ್ಬೇಕಾ? ಕಬ್ಬು ಕೊಳೀಲಿ" ಎಂದ ಅವನು. ಎಂದು, ಪೇಟೆಗೆ ಹೋಗಿ ತನ್ನ ಶಾಖೆಯವರನ್ನು ಲಾರಿಯಲ್ಲಿ ತುಂಬಿಕೊಂಡು ಬಂದ.

ದರ್ಜಿ ಬಂದ, ಹೆಂಡದಂಗಡಿಯವನು ಬಂದ, ಚರ್ಚಿನಲ್ಲಿ ಆರ್ಗನ್ ಬಾರಿಸುವವನು ಬಂದ. ಎಲ್ಲರೂ ಕಪ್ಪಂಗಿ ತೊಟ್ಟು ಗುಂಡಿ ಹಾಕಿಕೊಂಡಿದ್ದರು. ಆ ಬಿಸಿಲಿನಲ್ಲಿ ನಾವು ನಾಯಿಗೂ ಅಂಥ ಬಟ್ಟೆ ತೊಡಿಸೆವು. ಬೇಲಿಯುದ್ದಕ್ಕೂ ಗ್ಯಾಂಗಿನವರು, ಸುತ್ತಲ ಹೊಲಗಳ ಕೂಲಿಗಳು, ಅವರ ಹೆಂಗಸರು ಕೂತರು. ಕ್ಲೋರಿಂದಾ ಸೀಮೆಎಣ್ಣೆ ಡಬ್ಬ ಬೋರಲು ಹಾಕಿ ಕೂತು, ಮಡಿಲಲ್ಲಿ ಹುರುಳಿಕಾಯಿ ಸೋಸುತ್ತ ನೋಡಿದಳು. ಅಷ್ಟು ಸಂತೋಷದ ಮುಖವನ್ನು ನಾನು ಅವಳಲ್ಲಿ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನೋಡಲು ಚೆನ್ನಾಗಿರಲಿಲ್ಲ.

"ಬುದ್ಧಿವಂತರು ಕಣ್ರೋ, ಕಪ್ಪಂಗಿ ಮೇಲೆ ಮಸಿ ಕಾಣಲ್ಲ!" ಎಂದ ಕಾರ್ಮೆನು. "ದರ್ಜಿ ಮಾವಾ, ಕಬ್ಬಿಗೆ ಅಳತೆ ತಗೋತಿದೀರೇನು? ತೋಳು ಸ್ವಲ್ಪ ಉದ್ದ ಬಿಡಿ!"

"ಬಗ್ಗಿ ಕಡೀರಯ್ಯಾ! ಸಕ್ಕರೆ ಇರೋದು ಬುಡದಲ್ಲಿ!"

"ಬಗ್ಗೋದು ಅವ್ರಿಗೆ ರೋಮಿನ ಕಡೆ ಮುಖ ಮಾಡಿದ್ರೇನೆ ಬರೋದು!"

ದರ್ಜಿ ಮೊಣಕಾಲಿನ ಎತ್ತರಕ್ಕೆ ಕಡಿದು ಬುಡವನ್ನು ಹಾಗೇ ಬಿಟ್ಟ. ಆರ್ಗನ್ ಬಾರಿಸುವವನ ಬೆರಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಬೊಬ್ಬೆಯೆದ್ದವು. ಆದರೂ ಹೇಗೋ ಒಂದಿಷ್ಟು ಕಡಿದು, ಮಿಲ್ಲಿನ ಪುಟ್ಟ ರೈಲಿನ ಡಬ್ಬಿಗಳಿಗೆ ತುಂಬಿದರು. ಸಂಜೆ ಇಂಜಿನ್ನು ತಂದವನು ಹ್ಯಾಲೊರನ್ ಎಂಬ ಐರಿಷ್ ಮುದುಕ. ಡಬ್ಬಿಗಳನ್ನು ನೋಡಿದ, ಬೇಲಿಯ ಮೇಲಿನವರನ್ನು ನೋಡಿದ, ಕೊಂಡಿ ಕಳಚಿದ.

"ಎಳೀರಿ! ನಿಮಗೆ ಸಂಬಳ ಕೊಡೋದು ಮಿಲ್ಲು, ಇವ್ರಲ್ಲ" ಎಂದು ಬ್ರೆಸ್ಸಾನ್ ಕೂಗಿದ.

"ಸಂಬಳ ಮಿಲ್ಲೇ ಕೊಡೋದಪ್ಪಾ. ಆದ್ರೆ ಈ ಕಬ್ಬು ಎಳೆದು ಮನೆಗೆ ಹೋದ್ರೆ ನನ್ನ ಹೆಂಡ್ತಿ ಬಾಗಿಲು ತೆಗೆಯಲ್ಲ. ಈ ವಯಸ್ಸಲ್ಲಿ ಹೊರಗೆ ಮಲಗೋಕಾಗುತ್ತಾ?" ಎಂದು ಸಿಳ್ಳೆ ಊದಿ, ಬರಿ ಇಂಜಿನ್ನು ಓಡಿಸಿಕೊಂಡು ಹೋದ.

ಮಾರನೆಯ ದಿನ ದರ್ಜಿಗೆ ಅಂಗಡಿಯಲ್ಲಿ ಕೆಲಸ ಬಂತು, ಆರ್ಗನ್ನಿನವನಿಗೆ ಯಾರದೋ ಮದುವೆ ಬಂತು. ಉಳಿದವರು ಹೇಳದೆ ಹೋದರು. ಕಬ್ಬಿನಿಂದ ಹೆಂಡದ ವಾಸನೆ ಏಳತೊಡಗಿತು. ಕಣಜಗಳು ಮುತ್ತಿದವು. ಇನ್ನೆರಡು ದಿನ ಕಳೆದರೆ ಮೂರು ಪಟ್ಟಿಯೂ ಗೊಬ್ಬರ, ಸಾಲಕ್ಕೆ ಹೊಲ ಬ್ಯಾಂಕಿಗೆ.

ಶನಿವಾರ ಮಧ್ಯಾಹ್ನ ಬ್ರೆಸ್ಸಾನ್ ಬ್ಯಾರಕ್ಕಿಗೆ ಬಂದ. ನಾನು ಪೇಟೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಕಪ್ಪಂಗಿಯವರು ಕಡಿದ ದಿನ ರಜೆ ಹಾಕಿ ಬಂದಿದ್ದೆ. ಶನಿವಾರ ಶಾಲೆ ಇರಲಿಲ್ಲವಾಗಿ ತಂದೆಯನ್ನು ನೋಡಲು ಬಂದಿದ್ದೆ. ಗಂಡಸರು ಊಟಕ್ಕೆ ಕೂರುವುದರಲ್ಲಿದ್ದರು. ಕ್ಲೋರಿಂದಾ ಬಾಗಿಲಲ್ಲಿ ಮುದ್ದೆ ತೊಳಸುವ ಕೋಲು ಹಿಡಿದು ನಿಂತಿದ್ದಳು. ಅವನು ಯಾರ ಕಡೆಯೂ ನೋಡದೆ ಅವಳಿಗೇ ಹೇಳಿದ.

"ಗಾಸ್ಪರೆ ನದೀಲಿಲ್ಲ."

ಬ್ರೆಸ್ಸಾನ್ ಒಂದು ಹೆಜ್ಜೆ ಮುಂದೆ ಬಂದ.

"ನದಿಗೆ ಹಾಕ್ಲಿಲ್ಲ ಅವನನ್ನ. ಹೂತ್ರು. ಎಲ್ಲಿ ಅಂತ ನಂಗೊತ್ತು. ಜಾಗ ಹೇಳ್ತೀನಿ. ಅಲ್ಲಿ ನನ್ನ ಮಾತು ಕೇಳೋರು ಇನ್ನೂ ಇದಾರೆ, ಎಲುಬು ತೆಗೆಸಿ ಚರ್ಚಿನ ಮಣ್ಣಿಗೆ ಹಾಕಿಸ್ತೀನಿ. ಇವತ್ತಿಂದ ಇವ್ರು ಮಚ್ಚು ಹಿಡೀಬೇಕು, ಅಷ್ಟೆ."

ಕ್ಲೋರಿಂದಾ ಕೇಳಿದಳು.

"ಹೂಳುವಾಗ ಜೀವ ಇತ್ತಾ?"

"ಇರ್ಲಿಲ್ಲ."

"ಕಣ್ಣು ಮುಚ್ಚಿದ್ರಾ ಯಾರಾದ್ರೂ?"

ಬ್ರೆಸ್ಸಾನ್ ಹೊಲದ ಕಡೆ ತಿರುಗಿದ. ಕೋಲಿನಿಂದ ಹಿಟ್ಟು ಅವಳ ಪಾದದ ಮೇಲೆ ತೊಟ್ಟಿಕ್ಕಿತು. ಬಿಸಿಯಿದ್ದಿರಬೇಕು. ಅವಳು ಕಾಲು ಸರಿಸಲಿಲ್ಲ.

"ಮತ್ತೆ ಎಲಿಜಿಯೊ ಅಪ್ಪ?" ಎಂದಳು.

"ಆ ಮಾತು ಬಿಟ್ಬಿಡು. ಕಾನ್ಸುಲರ ಹತ್ರ ಹೋಗಿ ಸುಳ್ಳು ಹೇಳ್ದೆ ಅಂದ್ರೆ ನನ್ನ ಕಥೆ ಮುಗೀತು. ನಿನಗೆ ಬೇಕಾದ್ದು ಕೊಡ್ತೀನಿ. ಅವನಿಗೆ ಬೇಕಾದ್ದು ಕೊಡೋಕಾಗಲ್ಲ."

ಗ್ಯಾಂಗಿನ ಪಂಚಾಯ್ತಿಯಲ್ಲಿ ಅಡುಗೆಯವಳಿಗೆ ಮಾತಿಲ್ಲ. ನಮ್ಮವರು ಕೈಯೆತ್ತಿ ಮತ ಹಾಕುತ್ತಿರಲಿಲ್ಲ. ಗೋಡೆಯ ಮೊಳೆಗಳಲ್ಲಿ ಮಚ್ಚುಗಳು ತೂಗುತ್ತಿದ್ದವು, ಕಡಿಯಲು ಒಪ್ಪಿದವನು ತನ್ನದನ್ನು ಇಳಿಸಿಕೊಳ್ಳುತ್ತಿದ್ದ. ತಂದೆ ಎದ್ದು, "ನೀವೇ ಹೇಳ್ರಪ್ಪಾ" ಎಂದರು. ಯಾರೂ ಏಳಲಿಲ್ಲ. ಎಲ್ಲರೂ ಎಲಿಜಿಯೊನನ್ನು ನೋಡುತ್ತಿದ್ದರು.

ಅವನು ನಿಧಾನವಾಗಿ ಗೋಡೆಯ ಬಳಿ ಹೋಗಿ ತನ್ನ ಮಚ್ಚು ಇಳಿಸಿಕೊಂಡ.

"ನಮ್ಮಪ್ಪ ಇನ್ನೂ ಬದುಕಿದಾನೆ ಅಕ್ಕಾ. ಅವನಿಗೆ ಬೇರೆ ದಾರಿ ಹುಡುಕೋಣ. ನಿನ್ನೋನಿಗೆ ಇದೊಂದೇ."

ಆಮೇಲೆ ಕಾರ್ಮೆನು ಎದ್ದ. ಆಮೇಲೆ ಉಳಿದವರು. ಕೊನೆಗೆ ತಂದೆಯೂ ಇಳಿಸಿಕೊಂಡರು. ಬ್ರೆಸ್ಸಾನ್ ಉಸಿರು ಬಿಟ್ಟು ಹಣೆ ಒರೆಸಿಕೊಂಡ.

"ಎಲ್ಲಿ ಅಂತ ಈಗ್ಲೇ ಹೇಳ್ಬಿಡ್ತೀನಿ ಕೇಳು. ನೀರೆತ್ತೋ ಪಂಪಿನ ಮನೆ ಐತಲ್ಲ, ಅಲ್ಲಿಂದ..."

"ಬಾಯಿ ಮುಚ್ಚು" ಎಂದಳು ಕ್ಲೋರಿಂದಾ.

ಅವಳು ಕೋಲನ್ನು ಮೂಲೆಗಿಟ್ಟು, ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡು, ಎಲಿಜಿಯೊನ ಹತ್ತಿರ ಹೋಗಿ ಅವನ ಕೈಯಿಂದ ಮಚ್ಚು ತೆಗೆದುಕೊಂಡಳು. ಬ್ರೆಸ್ಸಾನ್ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅವನನ್ನು ದಾಟಿ ಹೊರಗೆ ಹೋದಳು. ಕೂಲಿಗಳನ್ನು ಊಟಕ್ಕೆ ಕರೆಯಲು ಬಾಗಿಲ ಪಕ್ಕ ತಂತಿಯಲ್ಲಿ ಒಂದು ರೈಲುಹಳಿಯ ತುಂಡು ತೂಗುಬಿದ್ದಿತ್ತು. ಮಚ್ಚನ್ನೆತ್ತಿ, ಅದರ ಬಾಯನ್ನೇ ಆ ಕಬ್ಬಿಣಕ್ಕೆ ಬಲವಾಗಿ ಹೊಡೆದಳು. ಮತ್ತೆ ಹೊಡೆದಳು. ಅಲಗು ಹಲ್ಲುಹಲ್ಲಾಗಿ ಮುರಿದು, ಇನ್ನು ಕಬ್ಬು ಕಡಿಯಲಾರದು ಎನ್ನುವ ತನಕ ಹೊಡೆದು, ಅದನ್ನು ಮೆಟ್ಟಿಲ ಮೇಲೆಸೆದು, ಮುಂದಿನ ಮಚ್ಚಿಗಾಗಿ ಕಾರ್ಮೆನುವಿನ ಕಡೆ ಕೈ ಚಾಚಿದಳು.